ಲಾಲ ಅಹ್ಮದನ ಬೆರಳು

ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಔರಾದಿನ ಬಾವಿಗಳ ಜೊತೆಗೆ ಲಾಲ ಅಹ್ಮದನ ಅಂಗಡಿಯೂ ಬತ್ತಿತು. ಬಸ್ ಸ್ಟ್ಯಾಂಡಿನ ಎದುರು ಅವನು ಮೊಬೈಲ್ ರಿಪೇರಿ ಮಾಡುತ್ತಿದ್ದ. ಸುತ್ತಲಿನ ಜನ ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋದಾಗ ಮೊಬೈಲುಗಳೂ ಅವರ ಜೇಬಿನಲ್ಲೇ ಹೋದವು. ಇವನು ಕಟ್ಟೆಯ ಮೇಲೆ ಕೂತು ಬಸ್ಸು ನೋಡುವವನಾದ.

ಆಗ ಆ ಯಂತ್ರ ಬಂತು. ಟ್ಯಾಂಕರಿಗಾಗಿ ಹಳ್ಳಿಯವರು ಸಾಹೇಬರ ಮುಂದೆ ಕೈಮುಗಿದು ನಿಲ್ಲುವುದು ತಪ್ಪಲಿ ಎಂದು ಒಂದು ಯೋಜನೆಯವರು ಅವನ ಅಂಗಡಿ ಪಕ್ಕದ ಗೋಡೆಗೆ ಟಚ್ ಸ್ಕ್ರೀನ್ ಕೂರಿಸಿದರು. ಮೇಲೆ ‘ಜನಸ್ನೇಹಿ’ ಎಂದು ಬರೆದಿತ್ತು. ಈ ಜನಸ್ನೇಹಿಗೆ ಟ್ಯಾಂಕರ್ ಎಂಬ ಮಾತು ಗೊತ್ತಿರಲಿಲ್ಲ. ಗೊತ್ತಿದ್ದುದು ‘ಜಲವಾಹನ ನಿಯೋಜನಾ ನಿವೇದನೆ’. ಊರುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿದ್ದವು. ಸ್ವಲ್ಪ ಯೋಚಿಸುತ್ತ ನಿಂತರೆ ಪರದೆ ಮೊದಲಿಗೇ ಹೋಗಿ ‘ಸ್ವಾಗತ’ ಎನ್ನುತ್ತಿತ್ತು. ಇಷ್ಟೆಲ್ಲ ದಾಟಿದವರಿಗೆ ಕೊನೆಯಲ್ಲೊಂದು ಪ್ರಶ್ನೆ: ‘ನಿವೇದನೆಯನ್ನು ರದ್ದುಪಡಿಸದಿರಲು ತಾವು ಒಪ್ಪುವಿರಾ?’ ‘ಹೌದು’ ಕೆಂಪು ಬಣ್ಣದಲ್ಲಿ, ‘ಇಲ್ಲ’ ಹಸಿರಿನಲ್ಲಿ. ನೀರು ಬೇಕಾದವರು ಹಸಿರನ್ನೇ ಒತ್ತಿ, ಕೇಳಿದ್ದನ್ನು ತಾವೇ ರದ್ದು ಮಾಡಿ, ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು.

ಕೆಲಸವಿಲ್ಲದ ಲಾಲ ಅಹ್ಮದ ಯಂತ್ರದ ಗುಣವನ್ನೆಲ್ಲ ಕಲಿತ. ಗುಂಡಿಯ ಮೇಲಲ್ಲ, ಅದರ ತುಸು ಕೆಳಗೆ ಒತ್ತಬೇಕು. ಕೊನೆಗೆ ಧೈರ್ಯ ಮಾಡಿ ಕೆಂಪನ್ನು ಒತ್ತಬೇಕು. ಹಳ್ಳಿಯವರು ಊರ ಹೆಸರು ಹೇಳಿದರೆ ಒತ್ತಿಕೊಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಚಹಾ, ಸಲಾಮು. ಬರಬರುತ್ತ ಸಲಾಮಿನ ರುಚಿ ಹತ್ತಿತು. ಒತ್ತುವ ಮೊದಲು ಕರ್ಚೀಫಿನಿಂದ ಪರದೆ ಒರೆಸಿ, ಗಂಟಲು ಸರಿಮಾಡಿಕೊಂಡು, ಜನರನ್ನು ಒಂದು ಹೆಜ್ಜೆ ಹಿಂದೆ ಸರಿಸುತ್ತಿದ್ದ. ಕಲಿಸು ಎಂದವರಿಗೆ ಇದು ನಾಜೂಕು ಮಾಲು, ಕೈ ಹಚ್ಚಬೇಡಿ ಎಂದು ಹೇಳುತ್ತಿದ್ದ.

ಬೀದರಿನಲ್ಲಿ ಈ ಯಂತ್ರದ ವಿನ್ಯಾಸ ನೋಡಿಕೊಳ್ಳುವ ಪಂಢರಿ ಎಂಬ ಇಂಜಿನಿಯರನಿದ್ದ. ಬಳಸುವವರನ್ನು ಕಣ್ಣಾರೆ ನೋಡಿಯೇ ಯಂತ್ರ ತಿದ್ದಬೇಕೆಂದು ಅವನು ಹಟ ಹಿಡಿದ. ಯೋಜನೆಯ ಮುಖ್ಯಸ್ಥರು ಒಪ್ಪಿದರು. ಆದರೆ ನೋಡುವುದಾದರೆ ಚೆನ್ನಾಗಿ ಬಳಸಬಲ್ಲವರನ್ನೇ ನೋಡಬೇಕು ಎಂದು ಔರಾದಿಗೆ ಜೀಪು ಕಳಿಸಿದರು. ಬೀದರಿನ ಚಿದ್ರಿ ಬಡಾವಣೆಯ ಒಂದು ಸಭಾಂಗಣದಲ್ಲಿ, ಕ್ಯಾಮೆರಾದ ಮುಂದೆ, ಲಾಲ ಅಹ್ಮದ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ಯಾಂಕರ್ ಕೇಳಿ ತೋರಿಸಿದ. ಏನಾದರೂ ತೊಂದರೆ ಇದೆಯೇ ಎಂದು ಪಂಢರಿ ಕೇಳಿದ.

“ಏನೂ ತ್ರಾಸ ಇಲ್ರಿ ಸಾಹೇಬ್ರ. ಯಾರ ಬೇಕಾದ್ರೂ ಒತ್ತಬಹುದ್ರಿ,” ಎಂದ ಲಾಲ ಅಹ್ಮದ.

ಬಳಕೆದಾರರು ನೂರಕ್ಕೆ ನೂರು ಸಂತುಷ್ಟರು ಎಂದು ವರದಿ ಹೋಯಿತು. ಬಳಕೆದಾರ ಒಬ್ಬನೇ ಎಂದು ಅದರಲ್ಲಿ ಇರಲಿಲ್ಲ. ಮುಖ್ಯಸ್ಥರಿಗೆ ಶಾಲು ಹೊದಿಸಿದರು. ಅಂಥದೇ ಯಂತ್ರ ಭಾಲ್ಕಿಗೂ ಬಂತು. ಅಲ್ಲಿ ಎಲ್ಲರೂ ಹಸಿರು ಒತ್ತಿದ್ದರಿಂದ, ಭಾಲ್ಕಿಯಲ್ಲಿ ನೀರಿನ ಬೇಡಿಕೆಯೇ ಇಲ್ಲವೆಂದು ಯಂತ್ರ ತಿಳಿಸಿತು. ಬರ ಕಡಿಮೆಯಾಗಿದೆ ಎಂದು ಮುಖ್ಯಸ್ಥರು ಸಂತೋಷಪಟ್ಟರು. ಭಾಲ್ಕಿಯ ಜನ ಖಾಲಿ ಕೊಡ ಹಿಡಿದು ರಸ್ತೆಯಲ್ಲಿ ಕೂತ ಮೇಲೆ ಪರಿಹಾರ ಹುಡುಕಿದರು. ಯಂತ್ರವನ್ನು ತಿದ್ದಲಿಲ್ಲ, ಲಾಲ ಅಹ್ಮದನನ್ನು ವಾರಕ್ಕೆರಡು ಸಲ ಅಲ್ಲಿಗೆ ಕರೆಸಿದರು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗತೊಡಗಿದ.

ಅವನು ಭಾಲ್ಕಿಗೆ ಹೋದ ಒಂದು ದಿನ ಜಿಜಾಬಾಯಿ ಔರಾದಿಗೆ ಬಂದಳು. ಪಕ್ಕದ ಹಳ್ಳಿಯವಳು, ಗಂಡಸರು ದುಡಿಯಲು ಗುಳೆ ಹೋದ ಓಣಿಗೆ ನೀರು ತರಿಸುವ ಹೊಣೆ ಅವಳ ಮೇಲಿತ್ತು. ಬಿಸಿಲಲ್ಲಿ ನಿಂತು, ಗೊತ್ತಾದಷ್ಟು ಓದಿ, ಹಸಿರು ಒತ್ತಿದಳು. ಟ್ಯಾಂಕರ್ ಬರಲಿಲ್ಲ. ಓಣಿಯ ಹೆಂಗಸರು ಹೊಂಡದ ಕೆಸರು ನೀರನ್ನು ಸೋಸಿ ಕುಡಿದರು. ಮಕ್ಕಳಿಗೆ ವಾಂತಿಭೇದಿ ಹತ್ತಿತು. ಮಕ್ಕಳು ಚೇತರಿಸಿಕೊಂಡ ಮೇಲೆ ಅವಳು ಮತ್ತೆ ಬಂದು ಕಟ್ಟೆಯ ಮುಂದೆ ನಿಂತಳು. ತನ್ನಿಂದಲೇ ತಪ್ಪಾಯಿತೆಂದು ಊರವರು ಬೈದದ್ದನ್ನು ಹೇಳಿದಳು.

“ಇದು ನಿಮಗೊಬ್ಬರಿಗೇ ಬರ್ತದ ಲಾಲಭಾಯಿ,” ಅಂದಳು ಮೆಲ್ಲಗೆ. “ನಮಗ ಬರಂಗಿಲ್ಲ ಅಂತ ದೊಡ್ಡವರ ಮುಂದ ಯಾಕ ಹೇಳಲಿಲ್ರಿ?”

ಆ ದಿನ ಯಾರು ಸಲಾಮು ಮಾಡಿದರೂ ಲಾಲ ಅಹ್ಮದ ಮುಖ ತಿರುಗಿಸಿದ. ಮರುದಿನ ಜಿಜಾಬಾಯಿಯನ್ನು ಬಸ್ಸು ಹತ್ತಿಸಿಕೊಂಡು ಬೀದರಿಗೆ ಹೋದ. ಅವತ್ತು ತಾನು ಸುಳ್ಳು ಹೇಳಿದೆನೆಂದು ಪಂಢರಿಗೆ ತಿಳಿಸಿ, “ನನ್ನ ನೋಡಬ್ಯಾಡ್ರಿ, ಈ ಮಾವಶಿ ಒತ್ತೂದು ನೋಡ್ರಿ,” ಅಂದ.

ಪಂಢರಿ ನೋಡಿದ. ಅವಳು ತನ್ನೂರು ಹುಡುಕುವಷ್ಟರಲ್ಲಿ ಯಂತ್ರ ಮತ್ತೆ ಮತ್ತೆ ಸ್ವಾಗತ ಬಯಸಿತು. ಬಾಗಿಲಲ್ಲಿ ನಿಂತ ಮುಖ್ಯಸ್ಥರು ಈಕೆಗೆ ತರಬೇತಿ ಕೊಡಬೇಕು ಎಂದರು. ಪಂಢರಿ ಅವರಿಗೊಂದು ಕುರ್ಚಿ ಹಾಕಿ, ತಾವೇ ಒಮ್ಮೆ ಟ್ಯಾಂಕರ್ ಕೇಳಿ ನೋಡಿ ಎಂದ. ಅವರೂ ಹಸಿರು ಒತ್ತಿದರು. ಆಮೇಲೆ ತರಬೇತಿಯ ಮಾತು ಬರಲಿಲ್ಲ.

ಹೊಸ ಪರದೆಯಲ್ಲಿ ಟ್ಯಾಂಕರಿನ ಚಿತ್ರ, ಕನ್ನಡದಲ್ಲಿ ಊರುಗಳು, ‘ನೀರು ಬೇಕು’ ಎಂಬ ದೊಡ್ಡ ಹಸಿರು ಗುಂಡಿ. ಜನ ಬಂದು, ಒತ್ತಿ, ನಡೆದುಬಿಡುತ್ತಿದ್ದರು. ಜನರು ಯಂತ್ರದ ಮುಂದೆ ಕಳೆಯುವ ಸಮಯ ತೀರಾ ಕುಸಿದಿದೆ ಎಂದು ಮುಖ್ಯಸ್ಥರು ಮುಂದಿನ ವರದಿಯಲ್ಲಿ ಕಳವಳ ತೋಡಿಕೊಂಡರು. ಆ ವರ್ಷ ಅವರಿಗೆ ಶಾಲು ಬರಲಿಲ್ಲ.

ಲಾಲ ಅಹ್ಮದನನ್ನು ಯಾರೂ ಕರೆಯಲಿಲ್ಲ. ಕೆಲವು ದಿನ ಮುಖ ಸಣ್ಣದು ಮಾಡಿಕೊಂಡು ಕೂತ. ಆಮೇಲೆ ಲೈಸೆನ್ಸ್ ಇದ್ದದ್ದು ನೆನಪಾಗಿ ಟ್ಯಾಂಕರಿಗೇ ಡ್ರೈವರನಾಗಿ ಸೇರಿದ. ಮೊದಲ ಸಲ ಜಿಜಾಬಾಯಿಯ ಓಣಿಗೆ ಹೋದಾಗ ದಾರಿಯಲ್ಲಿ ಪಂಕ್ಚರಾಗಿ ತಡವಾಗಿತ್ತು. ಹೆಂಗಸರು ಸಾಲಾಗಿ ನಿಂತು ಚೆನ್ನಾಗಿ ಬೈದರು. ಅವನು ತಲೆ ತಗ್ಗಿಸಿ ಪೈಪು ಬಿಚ್ಚಿದ.