ಬೆಳಗಾವಿ ಬರೆದದ್ದಕ್ಕೆ

ಮೊಮ್ಮಗಳು ನಕ್ಷೆಗೆ ಬಣ್ಣ ತುಂಬಲು ಪೆನ್ಸಿಲ್ ಹೆರೆಯುತ್ತಿದ್ದಳು. ಆ ವಾಸನೆಗೆ ನಾಶಿಕದ ನಮ್ಮ ಶಾಲೆ ನೆನಪಾಯಿತು.

ಅಪ್ಪ ಅಲ್ಲೇ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಗಡಿ ಗಲಾಟೆಯ ದಿನಗಳವು. ನಕ್ಷೆಯಲ್ಲಿ ನಮ್ಮೂರು ಬೆಳಗಾವಿಯನ್ನು ನಾನು ಮೈಸೂರು ರಾಜ್ಯದೊಳಗೆ ಬರೆದೆ. “ಬೇಳಗಾಂವ್ ಆಮಚಂ!” ಬೆಳಗಾವಿ ನಮ್ಮದು ಎನ್ನುತ್ತ ಮಾಸ್ತರರು ನನ್ನ ಬೆರಳ ಗೆಣ್ಣುಗಳಿಗೆ ರಕ್ತ ಬರುವವರೆಗೆ ರೂಲುಕಟ್ಟಿಗೆಯಿಂದ ಹೊಡೆದರು.

ಮರುದಿನ ಅಪ್ಪ ಮನೆಯ ಗೋಡೆಯಲ್ಲಿದ್ದ ನಕ್ಷೆಯನ್ನೇ ಸುತ್ತಿಕೊಂಡು ಶಾಲೆಗೆ ಬಂದು ಮರಾಠಿಯಲ್ಲೇ ಕೇಳಿದರು.

“ನೋಡ್ರಿ ಮಾಸ್ತರ, ಇದರಾಗ ಹಂಗ ಐತಿ. ಕೂಸಿಂದೇನು ತಪ್ಪು?”

ಮಾಸ್ತರರು ಅದನ್ನು ಕಸಿದು ಹರಿದುಹಾಕಿದರು. ಎಂದೂ ಯಾರ ಮೇಲೂ ಕೈಯೆತ್ತದ ಅಪ್ಪ ಅವರ ಕೊರಳಪಟ್ಟಿ ಹಿಡಿದು ಕಪ್ಪುಹಲಗೆಗೆ ಅಪ್ಪಳಿಸಿದರು. ಮಾಸ್ತರರ ಬಾಯಿಂದ ರಕ್ತ ಸುರಿಯಿತು. ನಾನು ಚಪ್ಪಾಳೆ ತಟ್ಟಿದೆ.

ಅಪ್ಪ ತಿರುಗಿ ನನ್ನ ಮುಖ ನೋಡಿದರು. ಹಿಡಿದ ಕೈ ಸಡಿಲವಾಯಿತು. ಮನೆಗೆ ಬಂದವರೇ, “ಕೂಸಿಗೆ ಇದನ್ನ ಕಲಿಸಿಬಿಟ್ಟೆ,” ಎಂದು ಅವ್ವನೆದುರು ಬಿಕ್ಕಿಬಿಕ್ಕಿ ಅತ್ತರು.

ಅಜ್ಜಿಯಾದ ಮೇಲೂ ಆ ಚಪ್ಪಾಳೆ ನೆನೆದರೆ ನನಗೆ ನಾಚಿಕೆಯಾಗುತ್ತದೆ.