ಹೋಗಿ ಬರ್ತೀನಿ ಎಂಬ ಗುಂಡಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ತೇಪೆ ಮೇಡಂ ಎನ್ನುತ್ತಿದ್ದರು. ವಿಡಿಯೊ ಗೇಮ್ ಬರೆಯುವವರು ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ಎಲ್ಲೆಲ್ಲಿ ಹರಿಯುತ್ತದೋ ಅಲ್ಲಲ್ಲಿ ಕೂತು ಹೊಲಿಯುವುದು ಅವಳ ಪಾಲಿನ ಕೆಲಸ. ಇದಕ್ಕೆ ಮೊದಲು ಆರು ವರ್ಷ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದಳು. ತಪ್ಪು ಕಂಡರೆ ಕೈ ಕೆಂಪು ಪೆನ್ನು ಹುಡುಕುವ ಚಾಳಿ ಅಲ್ಲಿಂದಲೇ ಬಂದದ್ದು. ಈಗ ನಲವತ್ತಾರು ತುಂಬಿತ್ತು, ಚಾಳಿ ಹೋಗಿರಲಿಲ್ಲ.

ಅವಳ ಮೇಜಿನ ಎಡಕ್ಕೊಂದು ಬಿಳಿ ಪೆಟ್ಟಿಗೆ, ಬಲಕ್ಕೊಂದು ಕರಿ ಪೆಟ್ಟಿಗೆ. ಎರಡೂ ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಕನ್ಸೋಲುಗಳು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದ ಎರಡು ಕಂಪನಿಗಳವು. ಒಂದೇ ಆಟ ಎರಡರಲ್ಲೂ ಓಡಬೇಕು. ಬಿಳಿಯದಕ್ಕೆ ಅವಳು ತವರು ಎಂದು ಹೆಸರಿಟ್ಟಿದ್ದಳು, ಕರಿಯದಕ್ಕೆ ಅತ್ತೆಮನೆ.

ಹೆಸರು ಸುಮ್ಮನೆ ಇಟ್ಟದ್ದಲ್ಲ. ತವರಿನವರ ಕೈಪಿಡಿ ತೆರೆದರೆ ಬೇಕಾದ್ದು ಬೇಕಾದ ಪುಟದಲ್ಲೇ ಸಿಗುತ್ತಿತ್ತು. ಮೆಮೊರಿ ಅಂದರೆ ಒಂದೇ ದೊಡ್ಡ ಹಜಾರ. ಸಾಮಾನು ಎಲ್ಲಿ ಬೇಕಾದರೂ ಇಡು, ಕೈಗೆ ಸಿಗುತ್ತದೆ. ಅತ್ತೆಮನೆಯಲ್ಲಿ ಹಾಗಲ್ಲ. ಒಲೆಯ ಪಕ್ಕ ಗೇಣುದ್ದದ ಒಂದು ಹಲಗೆ, ಹಿತ್ತಲಾಚೆ ಒಂದು ಉಗ್ರಾಣ. ತಕ್ಷಣ ಬೇಕಾದ್ದೆಲ್ಲ ಆ ಹಲಗೆಯ ಮೇಲೇ ಕೂರಬೇಕು. ಉಗ್ರಾಣಕ್ಕೆ ಹೋಗಿ ತರುವಷ್ಟರಲ್ಲಿ ಆಟ ತಡವರಿಸುತ್ತದೆ, ಆಡುವವರು ಬೈಯುತ್ತಾರೆ. ಇನ್ನು ಸಂಶಯ ಬಂದು ಪತ್ರ ಬರೆದರೆ ತವರಿನಿಂದ ಮರುದಿನವೇ ಉತ್ತರ, ಕೆಳಗೆ ಮನುಷ್ಯರೊಬ್ಬರ ಸಹಿ. ಒಮ್ಮೆ ಆ ಮನುಷ್ಯರು ನಿಮ್ಮ ಆಟದ ಗೋಡೆಯ ಮೇಲಿನ ಕಾಗೆ ನನ್ನನ್ನೇ ಯಾಕೆ ದಿಟ್ಟಿಸುತ್ತದೆ ಎಂದೂ ಕೇಳಿದ್ದರು. ಅತ್ತೆಮನೆಯಿಂದ ಬರುತ್ತಿದ್ದದ್ದು ಒಂದೇ ಸಾಲು: ನಿಮ್ಮ ಪತ್ರ ತಲುಪಿದೆ. ಹನ್ನೊಂದು ಪತ್ರ ಬರೆದಿದ್ದಳು. ಹನ್ನೊಂದೂ ತಲುಪಿದ್ದವು.

ಈ ಕಸುಬಿನಲ್ಲಿ ಯಾರನ್ನು ಕೇಳಿದರೂ ಬಿಳಿಯದೇ ವಾಸಿ ಎನ್ನುತ್ತಿದ್ದರು. ಅವಳೂ ಎನ್ನುತ್ತಿದ್ದಳು, ಎಲ್ಲರಿಗಿಂತ ಜೋರಾಗಿ. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಅವಳ ಅಕ್ಕನ ಎಡಗೈ ಕರಿಯದರ ಕಡೆಗಿತ್ತು.

ಅಕ್ಕ ಅವಳಿಗಿಂತ ಆರು ವರ್ಷ ದೊಡ್ಡವಳು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಮಡಿಲಿಗೆ ಬಿದ್ದಿತ್ತು, ಏಳಲಿಲ್ಲ. ಮಾತೂ ನಿಂತುಹೋಗಿತ್ತು. ಹತ್ತನೆಯ ದಿನ ವಾರ್ಡಿನಿಂದ ಹೊರಡುವಾಗ ತಂಗಿ ಯಾವುದೋ ಗುಂಗಿನಲ್ಲಿ "ಹೋಗ್ತೀನಿ ಅಕ್ಕ" ಅಂದುಬಿಟ್ಟಳು. ಮಂಚದಿಂದ ತೊದಲು ದನಿ ಬಂತು: "ಬರ್ತೀನಿ ಅನ್ನು."

ಚಿಕ್ಕಂದಿನಿಂದಲೂ ಅಕ್ಕನ ಕಾನೂನು ಅದು. ಹೋಗ್ತೀನಿ ಅಂದವರನ್ನು ಅರ್ಧ ಮೆಟ್ಟಿಲಿಂದ ವಾಪಸು ಕರೆದು, ಹೋಗಿ ಬರ್ತೀನಿ ಅನ್ನಿಸಿ ಕಳಿಸುತ್ತಿದ್ದಳು. ಹತ್ತು ದಿನದ ಮೌನ ಮುರಿದದ್ದೂ ಅದಕ್ಕೇ.

ಒಂದೇ ಕೈಯಲ್ಲಿ ಆಡಬಹುದಾದ ಕಂಟ್ರೋಲರ್ ಮಾಡಿದ್ದು ಕರಿ ಪೆಟ್ಟಿಗೆಯವರು ಮಾತ್ರ. ತವರಿನವರಿಗೆ ಆ ಬುದ್ಧಿ ಬಂದಿರಲಿಲ್ಲ. ಹಾಗಾಗಿ ಅಕ್ಕನ ಕೋಣೆಯಲ್ಲಿದ್ದದ್ದು ಅತ್ತೆಮನೆಯೇ. ಈಗ ಅವಳ ಬಾಯಿಂದ ಕೇಳಿ ಕಚೇರಿಯವರು ಮಾಡಿದ್ದ ಆಟವೂ ಅಕ್ಕತಂಗಿಯರು ಬೆಳೆದ ಎರಡು ಕೋಣೆಯ ಮಹಡಿ ಮನೆಯೇ ಆಗಿತ್ತು. ಆಡುವವರು ಆ ಮನೆಯಲ್ಲಿ ಕಳೆದ ಕನ್ನಡಕ, ಬೀಗದ ಕೈ, ಒಂಟಿ ಚಪ್ಪಲಿ ಹುಡುಕಬೇಕು. ಎದುರು ಗೋಡೆಯ ಮೇಲೆ ನಾಲ್ಕು ಕಾಗೆ. ಆಟ ನಿಲ್ಲಿಸುವ ಗುಂಡಿಯ ಮೇಲೆ ತೇಪೆ ಮೇಡಂ ಹಟ ಹಿಡಿದು ಬರೆಸಿದ್ದಳು: ಹೋಗಿ ಬರ್ತೀನಿ. ಅಕ್ಕ ಅದನ್ನು ನೋಡಬೇಕು, ಅಷ್ಟೇ ಅವಳ ಆಸೆ.

ಆಟ ಪೇಟೆಗೆ ಬರುವ ಮೊದಲು ಎರಡೂ ಕಂಪನಿಗಳ ಪರೀಕ್ಷಕರು ಆಡಿ ಒಪ್ಪಬೇಕು. ಅವರಿಗೆ ಕನ್ನಡ ಬಾರದು. ಪರದೆಯ ಮೇಲಿನ ಪ್ರತಿ ಮಾತಿಗೂ ಅರ್ಥ ಬರೆದು ಕೊಡಬೇಕು. ಆ ಪಟ್ಟಿ ಬರೆದವಳು ಅವಳೇ. ತವರು ಒಂದು ವಾರದಲ್ಲಿ ಒಪ್ಪಿತು. ಅತ್ತೆಮನೆ ಎರಡು ಸಲ ತಿರಸ್ಕರಿಸಿತು. ಮೊದಲ ಸಲ ಕಾರಣ ನ್ಯಾಯವಾಗಿತ್ತು, ತೇಪೆ ಹಾಕಿದಳು. ಎರಡನೆಯ ಸಲ ಬಂದ ಕಾಗದದಲ್ಲಿ ಬರೀ ನಿಯಮದ ಸಂಖ್ಯೆ: ನಲವತ್ತೇಳು. ಕೈಪಿಡಿ ತೆಗೆದು ನೋಡಿದಳು: ಗುಂಡಿ ಹೇಳಿದ್ದನ್ನು ಆಟ ಮಾಡಬೇಕು.

ಯಾವ ಗುಂಡಿ? ಕೇಳಿದಳು. ನಿಮ್ಮ ಪತ್ರ ತಲುಪಿದೆ. ಅರವತ್ತೆರಡು ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಲ್ಲವೂ ಹೇಳಿದ ಮಾತು ಕೇಳುತ್ತಿದ್ದವು. ಮತ್ತೆ ಬರೆದಳು. ಮತ್ತೆ ತಲುಪಿತು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕಚೇರಿಯ ಯಜಮಾನರಿಗೆ ಆಮೇಲೆ ಎಂದು ಹೆಸರು, ಏನು ಕೇಳಿದರೂ ಆಮೇಲೆ ನೋಡೋಣ ಎನ್ನುತ್ತಿದ್ದುದರಿಂದ. ಅಂದು ಮಾತ್ರ ಅವರು ಆಮೇಲೆ ಎನ್ನಲಿಲ್ಲ.

"ಇನ್ನೊಂದೇ ಸಲ ಮೇಡಂ. ಈ ಸಲನೂ ವಾಪಸ್ ಬಂದ್ರೆ ಕರೀದನ್ನ ಬಿಟ್ಬಿಡೋಣ. ಮುಂದಿನ ಆಟಕ್ಕೆ ನೀವು ಬೇಕು."

"ಇಷ್ಟು ವರ್ಷ ಆಮೇಲೆ ಆಮೇಲೆ ಅಂತಿದ್ರಿ. ಇವತ್ತೇ ಯಾಕ್ ಸಾರ್ ಈಗ ಅನ್ಬೇಕು?"

ಅವರು ಪಾಪ, ತಲೆ ತಗ್ಗಿಸಿಕೊಂಡು ಹೋದರು.

ಅವಳು ಮಾಡಿದ ಕೊನೆಯ ಉಪಾಯ ನಾಚಿಕೆಗೇಡಿನದು: ಅತ್ತೆಮನೆಯ ದೂರನ್ನು ತವರಿಗೆ ಬರೆದಳು. ಕಾಗೆಯ ಬಗ್ಗೆ ಕೇಳಿದ್ದ ಆ ಮನುಷ್ಯರು ಮರುದಿನವೇ ಉತ್ತರಿಸಿದರು: "ಅವರ ಕಂಪನಿಯ ವಿಷಯಕ್ಕೆ ನಾನು ಬಾಯಿ ಹಾಕಬಾರದು. ಆದರೆ ನಿಮ್ಮ ಪಟ್ಟಿಯಲ್ಲಿ ಕೊನೆಯ ಗುಂಡಿಗೆ 'ಹೊರಗೆ ಹೋಗಿ ಮತ್ತೆ ಬರುತ್ತೇನೆ' ಎಂದು ಅರ್ಥ ಬರೆದಿದ್ದೀರಿ. ನಾನೂ ಅದನ್ನು ಒತ್ತಿ ಸ್ವಲ್ಪ ಹೊತ್ತು ಕಾದಿದ್ದೆ. ಬರಲಿಲ್ಲ. ಇದು ನಿಮ್ಮವರು ವಿದಾಯ ಹೇಳುವ ರೀತಿ ಇರಬೇಕು ಎಂದುಕೊಂಡು ಒಪ್ಪಿದೆ."

ತೇಪೆ ಮೇಡಂ ಓದಿ ಮುಗಿಸಿ, ಕನ್ನಡಕ ತೆಗೆದು, ಹಣೆಯನ್ನು ಮೇಜಿಗೆ ಆನಿಸಿ ಕೂತಳು. ಅಕ್ಷರಕ್ಕೆ ಅಕ್ಷರ ಅರ್ಥ ಬರೆದವಳು ತಾನೇ. ಅತ್ತೆಮನೆಯ ಯಾವುದೋ ಕೋಣೆಯಲ್ಲೂ ಯಾರೋ ಆ ಗುಂಡಿ ಒತ್ತಿ, ಕೈಕಟ್ಟಿ, ಹೋದದ್ದು ಬರುತ್ತದೆಂದು ಕತ್ತಲೆ ಪರದೆ ನೋಡುತ್ತ ಕೂತಿದ್ದರು. ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಒಂದು ಸಾಲು ಬರೆದು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಚಿತ್ರ ಬರೆಯುವವಳು ಸುಲಭದ ದಾರಿ ತೋರಿಸಿದಳು. "ಕರೀದ್ರಲ್ಲಿ ಮಾತ್ರ 'ನಿಲ್ಲಿಸು' ಅಂತ ಹಾಕ್ಬಿಡಿ ಮೇಡಂ. ಯಾರು ನೋಡ್ತಾರೆ?"

ನೋಡುವವಳು ಇದ್ದದ್ದೇ ಅಲ್ಲಿ. ಪಟ್ಟಿಯ ಅರ್ಥ ತಿದ್ದಬಹುದಿತ್ತು. ಆದರೆ ತಿದ್ದಿದ್ದನ್ನು ಅವರು ನಂಬದಿದ್ದರೆ ಇನ್ನೊಂದು ಸಲ ಎಂಬುದಿಲ್ಲ. ಹೇಳಿದ ಮೇಲೆ ಬರಲೇಬೇಕು ತಾನೇ, ಬರಲಿ ಎಂದುಕೊಂಡು ಅವಳು ತೋಳೇರಿಸಿ ಕೆಲಸಕ್ಕೆ ಕೂತಳು. ಗುಂಡಿ ಒತ್ತಿದರೆ ಮನೆಯ ಬಾಗಿಲು ಮುಚ್ಚಬೇಕು, ಮೂರು ಎಣಿಸುವಷ್ಟು ಕತ್ತಲೆ, ಮತ್ತೆ ಬಾಗಿಲು ತೆರೆದು ಮೊದಲ ಪುಟ. ಮೇಲೆ ಒಂದೇ ಮಾತು: ಬಂದೆ.

ತೆರೆಯುವ ಬಾಗಿಲಿಗೆ ಆ ಗೇಣುದ್ದದ ಹಲಗೆಯಲ್ಲಿ ಜಾಗ ಬೇಕಿತ್ತು. ಎರಡು ದಿನ ಸಾಮಾನು ಸರಿಸಿದಳು, ಒತ್ತರಿಸಿದಳು, ಶಪಿಸಿದಳು. ಕೊನೆಗೆ ಗೋಡೆಯ ಮೇಲಿನ ಒಂದು ಕಾಗೆಯನ್ನು ಹಾರಿಸಿಬಿಟ್ಟಳು. ಬಾಗಿಲು ಸರಿಯಾಗಿ ಕೂತಿತು.

ಎಂಟನೆಯ ದಿನ ಅತ್ತೆಮನೆಯಿಂದ ಕಾಗದ ಬಂತು. ಅದೂ ಒಂದೇ ಸಾಲು: ಒಪ್ಪಿಗೆಯಾಗಿದೆ. ಹೊಗಳಿಕೆಯಿಲ್ಲ, ಸಹಿಯಿಲ್ಲ.

ಸಂಜೆ ಅಕ್ಕನ ಕೋಣೆಯಲ್ಲಿ ಆಟ ಹಚ್ಚಿ ಅವಳ ಎಡ ಅಂಗೈಗೆ ಕಂಟ್ರೋಲರ್ ಇಟ್ಟಳು. ಅಕ್ಕ ಕನ್ನಡಕ ಹುಡುಕಲಿಲ್ಲ, ಚಪ್ಪಲಿ ಹುಡುಕಲಿಲ್ಲ. ಪರದೆಯ ಮೂಲೆಯ ಗುಂಡಿಯನ್ನು ನಿಧಾನವಾಗಿ ಓದಿ, ಹೆಬ್ಬೆರಳಿಂದ ಒತ್ತಿದಳು. ಬಾಗಿಲು ಮುಚ್ಚಿತು. ಕತ್ತಲೆ. ಬಾಗಿಲು ತೆರೆಯಿತು. ಬಂದೆ.

ಅಕ್ಕನ ತುಟಿಯ ಎಡ ತುದಿ ಮೇಲೆದ್ದಿತು. ಮತ್ತೆ ಒತ್ತಿದಳು. ಮತ್ತೆ. ಆರನೆಯ ಸಲ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಪುಟ್ಟೀ, ನಮ್ಮ ಗೋಡೆ ಮೇಲೆ ಕಾಗೆ ನಾಲ್ಕಲ್ವೇನೇ?"

"ಅಲ್ಲಿ ಜಾಗ ಇರ್ಲಿಲ್ಲ ಅಕ್ಕ. ಒಂದು ಹೋಯ್ತು."

ಅಕ್ಕ ತಿರುಗಿ ನೋಡಿದ ರೀತಿಗೇ ಅವಳಿಗೆ ತನ್ನ ತಪ್ಪು ಗೊತ್ತಾಯಿತು.

"ಹೋಗಿದೆ, ಬರುತ್ತೆ," ಎಂದು ತಿದ್ದಿಕೊಂಡು, ಹಲ್ಲು ಕಡಿಯುತ್ತ ಚೀಲದಿಂದ ಲ್ಯಾಪ್‌ಟಾಪ್ ಹೊರತೆಗೆದಳು.