ಐದನೆಯ ಇಲಿಮರಿಯ ಕಣ್ಣು

"ನಿಮಗೆ ಕನ್ನಡ ಬರತ್ತಾ?"

ವಿಜಯನಗರದಲ್ಲಿ ಬಾಡಿಗೆ ಕೋಣೆ ಹುಡುಕಿಕೊಂಡು ಹೋದಾಗ ಮನೆಯೊಡತಿ ಲಲಿತಮ್ಮ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಅದಕ್ಕೆ ಮುಂಚೆ ಐದು ನಿಮಿಷ ನಾನು ಆಡಿದ್ದೆಲ್ಲ ಕನ್ನಡವೇ. "ಖೋಲಿ ಖಾಲಿ ಅದ ಏನ್ರೀ" ಎಂದು ಆರಂಭಿಸಿದ್ದೆ. ವಿಜಾಪುರದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಕನ್ನಡನಾಡಿನ ರಾಜಧಾನಿಗೆ ಬಂದಿಳಿದವಳಿಗೆ ಎಂಥ ಸ್ವಾಗತ ನೋಡಿರಿ.

"ಬರ್ತದರೀ. ಅದೊಂದ ಚಲೋ ಬರೋದು" ಎಂದೆ.

ಅವರು ನಕ್ಕುಬಿಟ್ಟರು. ಕೋಣೆ ಸಿಕ್ಕಿತು. ಷರತ್ತು ಒಂದೇ: ಮಾಂಸ, ಮೊಟ್ಟೆ, ಪ್ರಾಣಿ ಯಾವುದೂ ಮನೆಯೊಳಗೆ ಬರಕೂಡದು.

ಲಲಿತಮ್ಮ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಒಂಟಿಯಾಗಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ನಾನು ಅವರನ್ನು 'ಅಕ್ಕಾವ್ರ' ಎನ್ನುತ್ತಿದ್ದೆ. ಊಟ ಅವರ ಮನೆಯಲ್ಲೇ. ಮೊದಲ ದಿನ "ಇವತ್ತು ಬಸ್ಸಾರು" ಎಂದಾಗ ಬಸ್ಸಿನಲ್ಲಿ ಕಟ್ಟಿಕೊಂಡು ಹೋಗುವ ಸಾರೇನೋ ಅಂದುಕೊಂಡಿದ್ದೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರದು. ಬಾಯಿಗೆ ರುಚಿಸಿತು. ಮುದ್ದೆಯನ್ನು ಮಾತ್ರ ಅಗಿಯದೆ ನುಂಗುವುದನ್ನು ಕಲಿಯಲು ಒಂದು ತಿಂಗಳು ಬೇಕಾಯಿತು. ನಮ್ಮ ರೊಟ್ಟಿಗೆ ಹಲ್ಲು ಬೇಕು, ಇವರ ಮುದ್ದೆಗೆ ಧೈರ್ಯ ಬೇಕು. ಸಂಜೆ ಬೇಸರವಾದರೆ ಅತ್ತಿಗುಪ್ಪೆಯ ಕಡೆಗೆ ನಡೆಯುತ್ತಿದ್ದೆ. ಅಲ್ಲಿ ಇನ್ನೂ ರಾಗಿ ಹೊಲಗಳಿದ್ದವು. ಆಳೆತ್ತರದ ಜೋಳ ನೋಡಿದ ಕಣ್ಣಿಗೆ ಮೊಳಕಾಲುದ್ದದ ಆ ಪೈರು ಇನ್ನೂ ಬೆಳೆಯಬೇಕಾದ ಕೂಸಿನಂತೆ ಕಾಣುತ್ತಿತ್ತು.

ನಾನು ಬಂದದ್ದೂ ಬೆಳವಣಿಗೆಯ ಕೆಲಸಕ್ಕೇ. ಜ್ಞಾನಭಾರತಿ ಕಡೆಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಗಂಡು ಇಲಿಯ ದವಡೆ ಕೆಳಗಿನ ಗ್ರಂಥಿಯಲ್ಲಿ ಒಂದು ಪ್ರೋಟೀನು ಇರುತ್ತದೆ. ಅಂಥದ್ದೇ ಮನುಷ್ಯರಲ್ಲೂ ಇದೆ. ಅದು ಜೀವಕೋಶದ ಹೊರಮೈಯ ಗೊತ್ತಾದ ಜಾಗಕ್ಕೆ ಅಂಟಿಕೊಂಡರೆ ಸಾಕು, 'ಬೆಳೆ' ಎಂಬ ಸುದ್ದಿ ಒಳಗೆ ಮುಟ್ಟುತ್ತದೆ. ಒಳಗೆ ಸುದ್ದಿ ಒಯ್ಯುವವರು ಯಾರು? ಕೆಲವು ಹಾರ್ಮೋನುಗಳಿಗೆ ಒಂದು ಪುಟ್ಟ ಅಣು ಆ ಚಾಕರಿ ಮಾಡುತ್ತದೆಂದು ಆಗಲೇ ತಿಳಿದಿತ್ತು. ನಮ್ಮ ಪ್ರೋಟೀನಿಗೂ ಅಂಥ ಅಣು ಇದೆಯೇ ಎಂಬುದು ನಮ್ಮ ಪ್ರೊಫೆಸರರ ಪ್ರಶ್ನೆ. ಅದನ್ನು ಹುಡುಕುವ ಮೊದಲು, ನಾನು ಆರು ತಿಂಗಳು ಸೋಸಿ ಸೋಸಿ ತೆಗೆದ ಚಿಟಿಕೆ ಪ್ರೋಟೀನು ನಿಜಕ್ಕೂ ಕೆಲಸ ಮಾಡುತ್ತದೆಂದು ತೋರಿಸಬೇಕಿತ್ತು. ಪರೀಕ್ಷೆ ಸರಳ. ಇಲಿಮರಿ ಹುಟ್ಟಿದಾಗ ಕಣ್ಣು ಮುಚ್ಚಿರುತ್ತದೆ, ಎರಡು ವಾರಕ್ಕೆ ತೆರೆಯುತ್ತದೆ. ಹುಟ್ಟಿದಂದಿನಿಂದ ದಿನಾ ಈ ಪ್ರೋಟೀನು ಚುಚ್ಚಿದರೆ ಒಂದು ವಾರಕ್ಕೇ ತೆರೆಯಬೇಕು. ತೆರೆಯದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು.

ಮರಿಗಳಿಗೆ ಆರು ದಿನವಾಗಿದ್ದ ಶುಕ್ರವಾರ ಪ್ರಯೋಗಾಲಯದ ಕಟ್ಟಡಕ್ಕೆ ಗೆದ್ದಲಿನ ಔಷಧಿ ಹೊಡೆಯುವುದೆಂದು ಮೂರು ದಿನ ಬೀಗ ಬಿತ್ತು. ತಾಯಿ ಇಲಿ, ಎಂಟು ಮರಿ, ಥರ್ಮಾಸಿನಲ್ಲಿ ಐಸು, ಅದರೊಳಗೆ ಚುಚ್ಚುಮದ್ದಿನ ಎರಡು ಸೀಸೆ. ಎಲ್ಲವನ್ನೂ ಆಟೋದಲ್ಲಿ ತಂದು, ಪಂಜರಕ್ಕೆ ಸೀರೆ ಹೊದಿಸಿ ಮಂಚದ ಕೆಳಗೆ ಇಟ್ಟೆ.

ಮಧ್ಯಾಹ್ನವೇ ಲಲಿತಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಇಲಿಬೋನು, ಒಳಗೆ ಕೊಬ್ಬರಿ ಚೂರು.

"ನಿಮ್ಮ ರೂಮಲ್ಲಿ ಇಲಿ ಸೇರ್ಕೊಂಡಿದೆ ಕಣಮ್ಮ, ಕಿಚಕಿಚ ಅಂತಿದೆ. ಇದನ್ನ ಮಂಚದ ಕೆಳಗಿಡಿ."

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಅಕ್ಕಾವ್ರ, ಅವು ಮನೀ ಇಲಿ ಅಲ್ರೀ. ನಾನ ತಂದೀನಿ."

"ಇಲಿನಾ? ನೀವೇ ತಂದ್ರಾ?"

ಪಂಜರ ಹೊರಗೆ ಎಳೆದೆ. ಎಲ್ಲ ಹೇಳಿದೆ. ಅವರ ಮುಖ ಬಿಗಿಯಾಗಿಯೇ ಇತ್ತು. ಕೋಣೆ ಹೋಯಿತೆಂದೇ ತಿಳಿದೆ. ಅವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು.

"ಬಾಲಕ್ಕೆ ಬಣ್ಣ ಯಾಕೆ ಹಚ್ಚಿದೀರಿ?"

"ಗುರ್ತಿಗೆರೀ. ಒಂದರಿಂದ ಎಂಟು. ನಾಲ್ಕಕ್ಕ ಪ್ರೋಟೀನು, ನಾಲ್ಕಕ್ಕ ಬರೇ ಉಪ್ಪಿನ ನೀರು, ಹೋಲಿಸಿ ನೋಡಾಕ."

"ಹಾಜರಿ ಪುಸ್ತಕದ ಥರ" ಎಂದವರು ಬೋನು ಎತ್ತಿಕೊಂಡು ಹೋದರು. ಸಂಜೆ ಕಾಫಿ ತಂದಾಗ, "ಮೂರೇ ದಿನ. ಆಮೇಲೆ ಒಂದು ಬಾಲಾನೂ ಇಲ್ಲಿ ಕಾಣಬಾರದು" ಎಂದರು.

ಮರುದಿನ ನನಗೊಂದು ಅನುಮಾನ ಶುರುವಾಯಿತು. ಪ್ರೋಟೀನು ಕೊಟ್ಟ ಮರಿಗಳನ್ನು ಎತ್ತಿದಾಗಲೆಲ್ಲ ಕಣ್ಣು ತುಸು ಬಿರಿದಂತೆಯೇ ಕಾಣುತ್ತಿತ್ತು. ಇದು ಕಣ್ಣೋ, ನನ್ನ ಆಸೆಯೋ? ಯಾವುದಕ್ಕೆ ಏನು ಕೊಟ್ಟಿದೆಯೆಂದು ಗೊತ್ತಿಲ್ಲದವರು ನೋಡಬೇಕಿತ್ತು. ಅಂಥವರು ಮನೆಯಲ್ಲಿ ಒಬ್ಬರೇ.

ಲಲಿತಮ್ಮ ಒಪ್ಪಿದರು. ಹಳೆಯ ನೋಟ್‌ಬುಕ್ಕಿನಲ್ಲಿ ಅಡಿಗೋಲು ಹಿಡಿದು ಗೆರೆ ಎಳೆದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾನು ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿಯುವೆ, ಅವರು ನೋಡಿ ದುಂಡಗಿನ ಅಕ್ಷರದಲ್ಲಿ ಬರೆಯುವರು.

ಭಾನುವಾರ ಬೆಳಿಗ್ಗೆ ಹೇಳಿದರು: "ಎರಡು, ತೆರೆದಿದೆ. ಮೂರು, ತೆರೆದಿದೆ. ಎಂಟು, ಎರಡೂ ಕಣ್ಣು ತೆರೆದಿದೆ. ಉಳಿದವು ಇಲ್ಲ."

ಪ್ರೋಟೀನು ಕೊಟ್ಟದ್ದು ಎರಡು, ಮೂರು, ಐದು, ಎಂಟಕ್ಕೆ.

"ಐದನೇದು ಇನ್ನೊಮ್ಮೆ ನೋಡ್ರಿ ಅಕ್ಕಾವ್ರ."

ನೋಡಿದರು. "ತೆಗೆದಿಲ್ಲಮ್ಮ. ತೆಗೆದಿದೆ ಅಂತ ನಾನು ಬರಿಯಲ್ಲ."

ಸೋಮವಾರ ಬೆಳಿಗ್ಗೆ ಐದನೆಯದೂ ಕಣ್ಣು ಬಿಟ್ಟಿತು. ಅವರೇ ಮೊದಲು ಕಂಡರು. ಉಪ್ಪಿನ ನೀರಿನ ನಾಲ್ಕೂ ಇನ್ನೂ ನಿದ್ದೆಗಣ್ಣಿನಲ್ಲೇ ಇದ್ದವು.

ಪ್ರೊಫೆಸರು ನೋಟ್‌ಬುಕ್ಕು ತಿರುವಿ ನೋಡಿ, "ಇದನ್ನ ಬರೆದೋರು ಯಾರು?" ಎಂದು ಕೇಳಿದರು.

"ನಮ್ಮ ಮನೆ ಓನರ್ರು, ಸರ್."

"ಯಾವುದಕ್ಕೆ ಏನು ಕೊಟ್ಟಿದೀರಿ ಅಂತ ಅವರಿಗೆ ಗೊತ್ತಿತ್ತಾ?"

"ಇಲ್ಲ ಸರ್."

"ಹಾಗಾದ್ರೆ ನಿಮ್ಮ ಪುಸ್ತಕಕ್ಕಿಂತ ಇದೇ ಮೇಲು ಕಣಮ್ಮ. ಮುಂದಿನ ಸಲಾನೂ ಅವರನ್ನೇ ಕರೀರಿ."

ನನಗೆ ಸಂಶೋಧನೆ ಮುಂದುವರಿಸಲು ಇನ್ನೆರಡು ವರ್ಷ ಸಿಕ್ಕಿತು. ಅಂದಿನಿಂದ ಲಲಿತಮ್ಮನಿಗೆ ನಾನು 'ನೀವು' ಹೋಗಿ 'ನೀನು' ಆದೆ.

ದೀಪಾವಳಿಗೆ ವಿಜಾಪುರಕ್ಕೆ ಹೋದಾಗ ಎಲ್ಲ ವರದಿ ಒಪ್ಪಿಸಿದೆ. "ಹೋಗ್ತೀನಿ, ಬರ್ತೀನಿ" ಎಂಬ ಲಲಿತಮ್ಮನ ಧಾಟಿಯ ನನ್ನ ಹೊಸ ಮಾತಿಗೆ ತಂಗಿ ಬಿದ್ದು ಬಿದ್ದು ನಕ್ಕಳು. ಅವ್ವ ನಗಲಿಲ್ಲ. ಹೊರಡುವ ದಿನ ಶೇಂಗಾ ಚಟ್ನಿಯ ಎರಡು ಡಬ್ಬಿ ಕಟ್ಟಿದಳು.

"ಒಂದು ನಿನಗ. ಒಂದು ಆ ಅಕ್ಕಾವ್ರಿಗೆ. ಕೊಡುವಾಗ ಹೇಳು, ಎರಡ ವರ್ಷ ಅಷ್ಟ, ಆಮ್ಯಾಲ ನಮ್ಮ ಹುಡುಗಿ ನಮ್ಮ ಮನೀಗೆ ಅಂತ."

ಹೂಂ ಎಂದೆ. ವಿಜಯನಗರದಲ್ಲಿ ಚಟ್ನಿ ತಲುಪಿಸಿದೆ. ಲಲಿತಮ್ಮ ಮುದ್ದೆಗೆ ಹಚ್ಚಿಕೊಂಡು ತಿಂದು, ನಿಮ್ಮಮ್ಮ ಏನು ಹೇಳಿದರೆಂದು ಕೇಳಿದರು. "ಆರಾಮ ಅದೀವಿ ಅಂತ ಹೇಳಂದ್ರು" ಎಂದೆ. ಅವ್ವನ ಮಾತನ್ನು ಅವರಿಗೆ ಇನ್ನೂ ಮುಟ್ಟಿಸಿಲ್ಲ.